ಸಹಾಯ ಬೇಕು: ಬೈನಾಕ್ಯುಲರ್‌ಗೆ ಬೂಷ್ಟು ಹಿಡಿದಿದೆ, ನವರಂಗ ಹಕ್ಕಿ ಬರೋದರೊಳಗೆ ಸರಿಯಾಗಬೇಕು

ನಮಸ್ಕಾರ, ತೀರ್ಥಹಳ್ಳಿ ಕಡೆಯವನು. ನಮ್ಮಜ್ಜ ಕೋವಿ ಹಿಡಿದು ಕಾಡುಕೋಳಿ ಹಿಂದೆ ಹೋಗ್ತಿದ್ದವರು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬಿಟ್ಟರು (ಅಂತ ಅಜ್ಜಿ ಹೇಳ್ತಾರೆ, ನಂಬಿದ್ದೇವೆ). ನನ್ನದು ಬೈನಾಕ್ಯುಲರ್ ಶಿಕಾರಿ. ಅದಕ್ಕೂ ಸೀಸನ್ ಇದೆಯಲ್ಲ: ಅಕ್ಟೋಬರ್ ಹೊತ್ತಿಗೆ ನವರಂಗ, ಉಲಿಯಕ್ಕಿಗಳು ಉತ್ತರದಿಂದ ಇಳಿದರೆ ಬೇಸಿಗೆ ತನಕ ಹಬ್ಬ.

ತಪ್ಪು ನನ್ನದೇ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ನೋಡಿ ಬಂದವನು ಒದ್ದೆ ಬೈನಾಕ್ಯುಲರನ್ನು ಹಾಗೇ ಚೀಲಕ್ಕೆ ತುರುಕಿ ಮೂರು ವಾರ ಮರೆತೆ. ಈಗ ಆ 8×42 ಬೈನಾಕ್ಯುಲರಿನ (ಎಂಟು ಪಟ್ಟು ಹಿಗ್ಗಿಸೋದು, ಮುಂದಿನ ಗಾಜು 42 ಮಿ.ಮೀ.) ಎಡಗಾಜಿನ ಒಳಗೆ ಜೇಡರ ಬಲೆ ತರ ಬೂಷ್ಟು. ಹೊರಗಿಂದ ಒರೆಸಿದರೆ ಹೋಗಲ್ಲ. ಅಡಿಕೆ ಬೇಯಿಸೋ ಒಲೆ ಪಕ್ಕ ಇಡು ಅಂದ್ರು ದೊಡ್ಡಪ್ಪ, ಕೈ ಮುಗಿದೆ.

ಶಿವಮೊಗ್ಗದಲ್ಲಿ ಗಾಜು ಬಿಚ್ಚಿ ಶುಚಿ ಮಾಡಿ, ಎರಡೂ ಕಣ್ಣು ಮತ್ತೆ ಸರಿಯಾಗಿ ಹೊಂದಿಸಿ ಕೊಡುವವರು ಯಾರಿದ್ದಾರೆ? ಕ್ಯಾಮೆರಾ ರಿಪೇರಿಯವರೊಬ್ಬರು ಬಿಚ್ಚೋದು ಸುಲಭ, ಜೋಡಿಸೋದು ದೇವರಿಚ್ಛೆ ಅಂದರು. ಮತ್ತೆ, ಮುಂದಿನ ಮಳೆಗಾಲಕ್ಕೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಸಾಕಾ, ಬಲ್ಬ್ ಹಾಕಿದ ಪೆಟ್ಟಿಗೆ ಬೇಕಾ? ಅಕ್ಕಿ ಡಬ್ಬಿ ಮಾತ್ರ ಹೇಳಬೇಡಿ, ಅದರ ಧೂಳು ಸಾಕಾಗಿದೆ. ಸೆಪ್ಟೆಂಬರ್ ಒಳಗೆ ಆದರೆ ಉಪಕಾರ.