ಬ್ಯಾಟರಿ ಬಾಡಿಗೆಗೋ, ಕಾರು ಪೂರ್ತಿ ನಮ್ಮದೋ?

ಗುಬ್ಬಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮಕೂರಿನಲ್ಲಿ, ನಾನು ಪಾಠ ಮಾಡುವ ಶಾಲೆ ಗುಬ್ಬಿ ಹತ್ತಿರ. ಹೋಗಿ ಬರೋದು ದಿನಕ್ಕೆ 40 ಕಿಲೋಮೀಟರ್. ಭಾನುವಾರದ ಓಡಾಟ ಸೇರಿದರೆ ತಿಂಗಳಿಗೆ 1,100 ಆಗುತ್ತದೆ. ಹನ್ನೊಂದು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿದ್ದೇನೆ. ಈ ಸಲ ಎಲೆಕ್ಟ್ರಿಕ್ ಕಾರು, ಅಂದರೆ ಇವಿ, ತಗೊಳ್ಳೋಣ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ.

ನೋಡಿರುವುದು ಎರಡು. ಒಂದು ಎಂಜಿ ವಿಂಡ್ಸರ್. ಬ್ಯಾಟರಿ ಸಮೇತ 13.5 ಲಕ್ಷ. ಬ್ಯಾಟರಿ ಬಾಡಿಗೆಗೆ ತಗೊಂಡರೆ ಕಾರಿಗೆ 9.99 ಲಕ್ಷ, ಆಮೇಲೆ ಓಡಿಸಿದ ಪ್ರತಿ ಕಿಲೋಮೀಟರಿಗೆ 3.5 ರೂಪಾಯಿ. ಇನ್ನೊಂದು ಟಾಟಾ ಟಿಯಾಗೊ ಇವಿ. 7.99 ಲಕ್ಷದಿಂದ ಶುರು, ಬ್ಯಾಟರಿ ನಮ್ಮದೇ. ಎಲ್ಲಾ ಈ ತಿಂಗಳ, ಅಂದರೆ 2024ರ ಡಿಸೆಂಬರ್‌ನ, ಎಕ್ಸ್ ಶೋರೂಮ್ ಬೆಲೆ; ನೋಂದಣಿ, ವಿಮೆ ಸೇರಿಲ್ಲ. ವಿಂಡ್ಸರ್‌ನ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ಇಳಿಯಲು ಮನಸ್ಸೇ ಬರಲಿಲ್ಲ. 2025 ಹುಟ್ಟಿದರೆ ಬೆಲೆ ಏರುತ್ತದೆ, ಡಿಸೆಂಬರ್‌ನಲ್ಲೇ ಬುಕ್ ಮಾಡಿ ಅಂತ ಶೋರೂಮಿನವರು ದಿನಾ ಫೋನ್ ಮಾಡುತ್ತಿದ್ದಾರೆ.

ಮಾವನವರು ಒಂದೇ ಪ್ರಶ್ನೆ ಕೇಳಿದರು. "ಲೀಸ್ ಅಂದ್ರೆ ಕೊನೆಗೆ ದುಡ್ಡು ವಾಪಸ್ ಬರುತ್ತಾ?" ನನಗೆ ಉತ್ತರ ಗೊತ್ತಾಗಲಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಲೆಕ್ಕದ ಪುಸ್ತಕ

ಮೇಡಂ, ನಿಮ್ಮ ಮಾವನವರು ಕೇಳಬೇಕಾದ್ದನ್ನೇ ಕೇಳಿದ್ದಾರೆ. ನಮ್ಮ ಕಡೆ ಮನೆ ಲೀಸಿಗೆ ಹಾಕಿಕೊಂಡರೆ ಒಂದೇ ಸಲ ದೊಡ್ಡ ಮೊತ್ತ ಕೊಡುತ್ತೇವೆ, ಬಾಡಿಗೆ ಇರುವುದಿಲ್ಲ, ಬಿಡುವಾಗ ಆ ದುಡ್ಡು ವಾಪಸ್. ಕಾರಿನ ಲೀಸ್ ಹಾಗಲ್ಲ. ಅದು ಬಾಡಿಗೆ. ಕೊಟ್ಟದ್ದು ಹೋಯಿತು.

ಈಗ ಲೆಕ್ಕ ನೋಡಿ. ಬ್ಯಾಟರಿ ಬಿಟ್ಟರೆ 3.5 ಲಕ್ಷ ಕಡಿಮೆ. ಕಿಲೋಮೀಟರಿಗೆ 3.5 ರೂಪಾಯಿ ಅಂದರೆ 1 ಲಕ್ಷ ಕಿಲೋಮೀಟರ್ ಓಡುವಷ್ಟರಲ್ಲಿ ಬ್ಯಾಟರಿಯ ಪೂರ್ತಿ ಬೆಲೆ ನೀವು ಕಟ್ಟಿರುತ್ತೀರಿ. ಅದೇ 3.5 ಲಕ್ಷವನ್ನು ಬ್ಯಾಂಕಿನಿಂದ 9% ಬಡ್ಡಿಗೆ ಐದು ವರ್ಷಕ್ಕೆ ತಂದರೆ ಕಂತು ಸುಮಾರು 7,270, ಒಟ್ಟು 4.36 ಲಕ್ಷ. ಆಗ ಸಮ ಆಗುವುದು 1.25 ಲಕ್ಷ ಕಿಲೋಮೀಟರಿಗೆ. ನಿಮ್ಮ ಓಡಾಟಕ್ಕೆ ಅಷ್ಟು ದೂರ ಆಗಲು ಒಂಬತ್ತು ವರ್ಷ ಬೇಕು. ಮೇಲ್ನೋಟಕ್ಕೆ ನಿಮಗೆ ಬಾಡಿಗೆಯೇ ವಾಸಿ ಅನ್ನಿಸುತ್ತದೆ.

ಆದರೆ ಒಂದು ಕೇಳಿ ಬನ್ನಿ. ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಕರಾರಿನಲ್ಲಿ ಇದೆಯಾ?

ಗುಬ್ಬಿ ಟೀಚರ್

ಈಗಷ್ಟೇ ಫೋನ್ ಮಾಡಿ ಕೇಳಿದೆ ಸರ್. ಇದೆಯಂತೆ. ಅವರು ತೋರಿಸಿದ ಫೈನಾನ್ಸ್ ಕಂಪನಿಯ ಕರಾರಿನಲ್ಲಿ 1,500 ಕಿಲೋಮೀಟರ್. ಓಡಿಸಲಿ ಬಿಡಲಿ ಅಷ್ಟಕ್ಕೆ ಕಟ್ಟಬೇಕು. ಇದನ್ನು ಮೊದಲು ಯಾರೂ ಹೇಳಿರಲಿಲ್ಲ.

ಲೆಕ್ಕದ ಪುಸ್ತಕ

ಹಾಗಾದರೆ ನಿಮ್ಮ ಬಾಡಿಗೆ ತಿಂಗಳಿಗೆ 5,250. ನೀವು 1,100 ಓಡಿಸಿದರೆ ಕಿಲೋಮೀಟರಿಗೆ ಬೀಳುವುದು 3.5 ಅಲ್ಲ, 4.77. ಇದರ ಮೇಲೆ ಕರೆಂಟು. 160 ಯೂನಿಟ್ ಬೇಕಾಗಬಹುದು, ಹತ್ತಿರ ಹತ್ತಿರ ಸಾವಿರ ರೂಪಾಯಿ. ಒಟ್ಟು 6,200.

ಲೀಟರಿಗೆ 18 ಕೊಡುವ ಪೆಟ್ರೋಲ್ ಕಾರು ಇದ್ದಿದ್ದರೆ? 61 ಲೀಟರ್, 103 ರೂಪಾಯಿಯಂತೆ 6,300. ವ್ಯತ್ಯಾಸ ನೂರು ರೂಪಾಯಿ ಮೇಡಂ. "ಕಿಲೋಮೀಟರಿಗೆ ಒಂದೇ ರೂಪಾಯಿ" ಅಂತ ನಂಬಿಕೊಂಡು ಇವಿಗೆ ಬರುವವರು ಇದನ್ನು ನೋಡಲೇಬೇಕು. ಜಾಸ್ತಿ ಓಡಿಸಿದಷ್ಟೂ ಉಳಿತಾಯ ಅನ್ನುವುದು ಇವಿಯ ಗುಣ. ಕಿಲೋಮೀಟರ್ ಲೆಕ್ಕದ ಬಾಡಿಗೆ ಆ ಉಳಿತಾಯವನ್ನೇ ತಿನ್ನುತ್ತದೆ.

ಬೇಲೂರು ರಸ್ತೆ

ಕರೆಂಟಿನ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ. ಟೀಚರ್ ಮನೆಗೆ ಗೃಹಜ್ಯೋತಿ ಇದೆಯಾ? ಇದ್ದರೆ ಈಗ ಬಿಲ್ ಸೊನ್ನೆ ಬರುತ್ತಿರುತ್ತದೆ. 90 ಯೂನಿಟ್ ಬಳಸುವ ಮನೆಗೆ ಕಾರಿನ 160 ಸೇರಿದರೆ 250. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಮನೆಯ 90 ಯೂನಿಟ್ ಕೂಡ ಸೇರಿ. 1,500 ರೂಪಾಯಿ ದಾಟುತ್ತದೆ. ಕಾರಿಗೆ ಬೇರೆ ಮೀಟರ್ ಸಿಗುತ್ತದಾ ಅಂತ ಬೆಸ್ಕಾಂ ಆಫೀಸಿನಲ್ಲಿ ಮೊದಲೇ ವಿಚಾರಿಸಿ.

ವೈಟ್‌ಫೀಲ್ಡ್ ವಾಸಿ

ನಾನು ಲೀಸ್ ಪರ. ಆಫೀಸಿನ ಮೂಲಕ ಇಡೀ ಕಾರನ್ನೇ ನಾಲ್ಕು ವರ್ಷಕ್ಕೆ ತಗೊಂಡಿದ್ದೇನೆ. ಬಾಡಿಗೆ ಟ್ಯಾಕ್ಸ್‌ಗೆ ಮುಂಚೆಯೇ ಸಂಬಳದಿಂದ ಹೋಗುತ್ತದೆ, 30% ಸ್ಲ್ಯಾಬಿನವರಿಗೆ ಅದು ದೊಡ್ಡ ಉಳಿತಾಯ. ನಾಲ್ಕು ವರ್ಷ ಆದಮೇಲೆ ಇನ್ನೂ ಒಳ್ಳೆಯ ಬ್ಯಾಟರಿ ಬಂದಿರುತ್ತದೆ. ಹಳೆಯದನ್ನು ಕೊಟ್ಟು ಹೊಸದು ತಗೊಳ್ಳಬಹುದು. ಈಗ ಕೊಂಡವರ ಕಾರನ್ನು ಆಗ ಯಾರು ಕೇಳುತ್ತಾರೆ ಹೇಳಿ?

ಟೀಚರ್ ಸಾಲ ಮಾಡಿ ತಗೊಂಡರೂ ಒಂದು ಅನುಕೂಲ ಇದೆ, ಇವಿ ಸಾಲದ ಬಡ್ಡಿಗೆ 1.5 ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ.

ಲೆಕ್ಕದ ಪುಸ್ತಕ

ಆ ವಿನಾಯಿತಿ 80ಇಇಬಿ ಸೆಕ್ಷನ್ನಿನದು. 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಈಗ ತಗೊಳ್ಳುವ ಸಾಲಕ್ಕೆ ಇಲ್ಲ. ದಯವಿಟ್ಟು ಇದನ್ನು ನಂಬಿ ಯಾರೂ ಲೆಕ್ಕ ಹಾಕಬೇಡಿ. ಆಫೀಸ್ ಲೀಸಿನ ಬಗ್ಗೆ ನೀವು ಹೇಳಿದ್ದು ಸರಿ, ಆದರೆ ಅದು ಕಂಪನಿ ಕೊಟ್ಟರೆ ಮಾತ್ರ. ಕೆಲಸ ಬಿಟ್ಟರೆ ಏನಾಗುತ್ತದೆ ಅಂತಲೂ ಹೇಳಿ.

ವೈಟ್‌ಫೀಲ್ಡ್ ವಾಸಿ

ಸರಿ ಸರ್, ವಿನಾಯಿತಿ ವಿಷಯ ನನ್ನದೇ ತಪ್ಪು. ಕೆಲಸ ಬಿಟ್ಟರೆ ಹೊಸ ಕಂಪನಿಗೆ ವರ್ಗಾಯಿಸಬೇಕು, ಇಲ್ಲವೇ ಉಳಿದದ್ದನ್ನು ಕಟ್ಟಿ ಮುಗಿಸಬೇಕು. ಆ ಭಯ ಇದೆ.

ಹುಬ್ಬಳ್ಳಿಯವ

ನಾನು ಟಿಯಾಗೊ ಇವಿ ಇಟ್ಟುಕೊಂಡು ಒಂದೂವರೆ ವರ್ಷ ಆಯ್ತು ರೀ. ಎಲ್ಲರೂ ಬ್ಯಾಟರಿ ಹೋಗಿಬಿಡುತ್ತದೆ ಅಂತ ಹೆದರುತ್ತಾರೆ. ಅದಕ್ಕೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಟೀಚರ್ ಓಡಾಟಕ್ಕೆ ಎಂಟು ವರ್ಷದಲ್ಲಿ ಆಗುವುದು ಬರೀ 1.05 ಲಕ್ಷ. ವಿಂಡ್ಸರ್‌ನವರೂ ಮೊದಲ ಮಾಲೀಕರಿಗೆ ಬ್ಯಾಟರಿ ಮೇಲೆ ಜೀವಮಾನದ ವಾರಂಟಿ ಅಂತ ಘೋಷಿಸಿದ್ದಾರೆ. ಕಂಪನಿಯವರಿಗೇ ಅಷ್ಟು ಧೈರ್ಯ ಇರುವಾಗ ನಮಗೆ ಯಾಕೆ ಅಂಜಿಕೆ?

ನನಗೆ ತೊಂದರೆ ಬಂದದ್ದು ಬ್ಯಾಟರಿಯಿಂದ ಅಲ್ಲ, ಮನೆಯ ವೈರಿಂಗಿನಿಂದ. ಕಾರು ಮನೆಗೆ ಬಂದ ರಾತ್ರಿ ಪೂಜೆ ಮುಗಿಸಿ 15 ಆಂಪ್ ಸಾಕೆಟ್ಟಿಗೆ ಹಾಕಿದರೆ ಚಾರ್ಜರ್‌ನಲ್ಲಿ ಕೆಂಪು ದೀಪ. ಮೂರು ಸಲ ತೆಗೆದು ಹಾಕಿದೆ, ಅದೇ ಕೆಂಪು. ಕಾರೇ ಕೆಟ್ಟಿದೆ ಅಂತ ನಮ್ಮ ಅವ್ವ ಕಣ್ಣೀರು ಹಾಕಿದಳು. ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಮನೆಗೆ ಅರ್ಥಿಂಗೇ ಸರಿ ಇರಲಿಲ್ಲ. ತುಳಸಿಕಟ್ಟೆ ಪಕ್ಕ ಗುಂಡಿ ತೋಡಿ, ಪೈಪ್ ಇಳಿಸಿ, ಉಪ್ಪು ಇದ್ದಿಲು ತುಂಬಿ ನೀರು ಹಾಕಿದ. ಮಧ್ಯಾಹ್ನ ಹಸಿರು ದೀಪ ಬಂತು. ಇವತ್ತಿಗೂ ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುತ್ತೇನೆ. ಟೀಚರ್, ಕೊಂಡರೂ ಬಾಡಿಗೆಗೆ ತಂದರೂ ಮೊದಲು ಅರ್ಥಿಂಗ್ ನೋಡಿಸಿ.

ಹಳದಿ ಬೋರ್ಡ್

ನಾನು ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುವವನು. ಎಲ್ಲರೂ ಕೊಳ್ಳಿ ಕೊಳ್ಳಿ ಅನ್ನುತ್ತಿದ್ದೀರಿ. ನಿಮ್ಮ ಲೆಕ್ಕ ಎಲ್ಲಾ ಸಾಲ ಸಿಗುವವರ ಲೆಕ್ಕ. ನನಗೆ ಮೂರು ಕಡೆ ಸಾಲ ಕೊಡಲಿಲ್ಲ. ಸಂಬಳದ ಚೀಟಿ ಇಲ್ಲ, ಸ್ವಂತ ಮನೆ ಇಲ್ಲ. ದಿನದ ಬಾಡಿಗೆಗೆ ಇವಿ ಕೊಡುವವರು ಇದ್ದಿದ್ದಕ್ಕೆ ನಾನು ಇವತ್ತು ಸ್ಟಿಯರಿಂಗ್ ಹಿಡಿದಿದ್ದೇನೆ. ಡೀಸೆಲ್ ಖರ್ಚು ಇಲ್ಲ, ಸರ್ವಿಸ್ ಖರ್ಚು ಅವರದು. ದಿನಕ್ಕೆ ಎರಡು ಸಲ ಏರ್‌ಪೋರ್ಟ್ ಹೋಗಿ ಬಂದರೆ ಬಾಡಿಗೆ ಕಳೆದು ಮನೆಗೆ ಉಳಿಯುತ್ತದೆ.

ಕಷ್ಟವೂ ಇದೆ. ಕಳೆದ ತಿಂಗಳು ಡೆಂಗಿ ಜ್ವರ ಬಂದು ಒಂಬತ್ತು ದಿನ ಮಲಗಿದ್ದೆ. ಆ ಒಂಬತ್ತು ದಿನದ ಬಾಡಿಗೆಯೂ ಎಣಿಸಿದರು. ಆದರೂ ಹೇಳುತ್ತೇನೆ, ಬಾಡಿಗೆ ಅನ್ನುವ ದಾರಿಯನ್ನೇ ಮುಚ್ಚಬೇಡಿ. ನಮ್ಮಂಥವರಿಗೆ ಇರುವುದು ಅದೊಂದೇ.

ಲಿಯಾನ್‌ನಿಂದ

ಹಳದಿ ಬೋರ್ಡ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಫ್ರಾನ್ಸ್‌ನಲ್ಲಿದ್ದೇನೆ. ಇಲ್ಲಿ 2024ರ ಜನವರಿಯಲ್ಲಿ ಸರ್ಕಾರವೇ ಒಂದು ಲೀಸ್ ಯೋಜನೆ ತಂದಿತು. ಆದಾಯ ಕಡಿಮೆ ಇರುವ, ಕೆಲಸಕ್ಕೆ ದೂರ ಕಾರಿನಲ್ಲಿ ಹೋಗಬೇಕಾದವರಿಗೆ ತಿಂಗಳಿಗೆ 100 ಯೂರೋ ಆಸುಪಾಸಿನಲ್ಲಿ ಎಲೆಕ್ಟ್ರಿಕ್ ಕಾರು. ಮುಂಗಡ ಇಲ್ಲ. 25,000 ಕಾರು ಕೊಡುವ ಅಂದಾಜಿತ್ತು. ಒಂದೂವರೆ ತಿಂಗಳಲ್ಲಿ ಸುಮಾರು 50,000 ಆರ್ಡರ್ ಆಗಿ, ಫೆಬ್ರವರಿಯಲ್ಲಿ ಆ ವರ್ಷದ ಮಟ್ಟಿಗೆ ನಿಲ್ಲಿಸಿಬಿಟ್ಟರು. ಜನರಿಗೆ ಇವಿ ಬೇಡ ಅನ್ನುತ್ತಿದ್ದವರು ಆಮೇಲೆ ಏನು ಹೇಳಬೇಕು? ಬೇಡವಾಗಿದ್ದದ್ದು ಕಾರಲ್ಲ, ಅದರ ಬೆಲೆ.

ಲೆಕ್ಕದ ಪುಸ್ತಕ

ಒಪ್ಪುತ್ತೇನೆ. ಆದರೆ ಆ 100 ಯೂರೋ ಹೇಗೆ ಬಂತು? ಒಂದೊಂದು ಕಾರಿಗೆ 13,000 ಯೂರೋವರೆಗೆ ಸರ್ಕಾರ ಕೈಯಿಂದ ಹಾಕಿತು. ಇಲ್ಲಿ ಬ್ಯಾಟರಿ ಬಾಡಿಗೆಗೆ ಕೊಡುವುದು ಫೈನಾನ್ಸ್ ಕಂಪನಿ. ಅದು ಬಡ್ಡಿ ಬಿಟ್ಟು ಕೊಡುವುದಿಲ್ಲ. ಎರಡಕ್ಕೂ ಲೀಸ್ ಅನ್ನುವ ಹೆಸರಿದ್ದ ಮಾತ್ರಕ್ಕೆ ಎರಡೂ ಒಂದೇ ಅಲ್ಲ.

ಹಳದಿ ಬೋರ್ಡ್ ಅವರೇ, ನಿಮ್ಮ ಮಾತು ನನಗೆ ಹೊಳೆದಿರಲಿಲ್ಲ. ಸಾಲ ಸಿಗದವರಿಗೆ ಬಾಡಿಗೆ ಬೇಕೇ ಬೇಕು. ಆದರೆ ನಿಮ್ಮದು ದಿನದ ಬಾಡಿಗೆ. ಕಿಲೋಮೀಟರ್ ಲೆಕ್ಕಕ್ಕೆ ಹೋಗಬೇಡಿ. ನೀವು ತಿಂಗಳಿಗೆ 4,500 ಓಡಿಸಿದರೆ ಬ್ಯಾಟರಿಗೇ 15,750 ಆಗುತ್ತದೆ. ಎರಡು ವರ್ಷ ತುಂಬುವ ಮೊದಲೇ ಬ್ಯಾಟರಿಯ ಬೆಲೆ ಕಟ್ಟಿ ಮುಗಿದಿರುತ್ತದೆ.

ಬೇಲೂರು ರಸ್ತೆ

ಬೇಡಿಕೆ ವಿಷಯಕ್ಕೆ ಬಂದರೆ, 9.99 ಅನ್ನುವ ಅಂಕಿಗೆ ಶಕ್ತಿ ಇರುವುದು ನಿಜ. ವಿಂಡ್ಸರ್ ಸೆಪ್ಟೆಂಬರ್ 2024ರಲ್ಲಿ ಬಂತು, ಅಕ್ಟೋಬರ್‌ನಲ್ಲೇ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಎಲೆಕ್ಟ್ರಿಕ್ ಕಾರು ಆಯಿತು. ನಮ್ಮ ಪಕ್ಕದ ಮನೆಯವರು ಆ 9.99 ನೋಡಿಯೇ ಶೋರೂಮಿಗೆ ಹೋದರು. ಅಲ್ಲಿ ಕೂತು ಲೆಕ್ಕ ಹಾಕಿ ಬ್ಯಾಟರಿ ಸಮೇತ ತಗೊಂಡು ಬಂದರು. ಯಾಕೆ ಅಂತ ಕೇಳಿದ್ದಕ್ಕೆ, "ಕಾರಿಗೊಂದು ಸಾಲ, ಬ್ಯಾಟರಿಗೊಂದು ಕರಾರು. ಎರಡು ಕಡೆ ಸಹಿ, ಎರಡು ಕಡೆ ಆಟೋ ಡೆಬಿಟ್. ಮಾರುವಾಗ ನಮ್ಮ ಅಭ್ಯಂತರ ಇಲ್ಲ ಅನ್ನುವ ಪತ್ರಕ್ಕೆ (ಎನ್‌ಒಸಿ) ಇಬ್ಬರ ಹತ್ತಿರವೂ ಅಲೆಯಬೇಕು" ಅಂದರು.

ಗುಬ್ಬಿ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದಮೇಲೆ ಮಾವನವರು, ನಮ್ಮ ಯಜಮಾನರು, ನಾನು ಮೂವರೂ ಕೂತು ಇದನ್ನೆಲ್ಲ ಓದಿದೆವು. ನಮಗೆ ಗೃಹಜ್ಯೋತಿ ಇದೆ, ತಿಂಗಳಿಗೆ 85 ಯೂನಿಟ್ ಬಳಸುತ್ತೇವೆ. ಹಾಗಾಗಿ ಬಾಡಿಗೆ ಬ್ಯಾಟರಿ ತಗೊಂಡರೆ ನಮಗೆ ಪೆಟ್ರೋಲಿಗಿಂತಲೂ ಜಾಸ್ತಿ ಬೀಳುತ್ತದೆ. ಅದನ್ನು ಕೈಬಿಟ್ಟಿದ್ದೇವೆ. 13.5 ಲಕ್ಷ ನಮ್ಮ ಕೈಲಿ ಆಗುವುದಿಲ್ಲ.

ಟಿಯಾಗೊ ಚಿಕ್ಕ ಬ್ಯಾಟರಿಯದೇ ನೋಡುತ್ತಿದ್ದೇವೆ, 19.2 ಕಿಲೋವ್ಯಾಟ್ ಅವರ್. ದಿನಕ್ಕೆ 40 ಕಿಲೋಮೀಟರಿಗೆ ಸಾಕು ಅಲ್ವಾ? ಸ್ಟಾಫ್ ರೂಮಿನ 2 ಲಕ್ಷದ ಚೀಟಿ ಸಂಕ್ರಾಂತಿಗೆ ನನ್ನ ಸರದಿ. ಅದನ್ನು ಮುಂಗಡ ಕಟ್ಟಿ ಉಳಿದದ್ದಕ್ಕೆ ಸಾಲ. ಮಕ್ಕಳಿಗೆ ಬೇಜಾರಾಗಿದೆ, ದೊಡ್ಡವಳು ಇನ್ನೂ ಮಾತಾಡಿಲ್ಲ.

ಹುಬ್ಬಳ್ಳಿಯವ

ಧಾರಾಳ ಸಾಕು ಅಕ್ಕಾ. ನನ್ನದು ದೊಡ್ಡ ಬ್ಯಾಟರಿ, ಆದರೆ ಗೆಳೆಯನದು ಅದೇ ಚಿಕ್ಕದು. ಎಸಿ ಹಾಕಿಕೊಂಡೇ 140, 150 ಓಡಿಸುತ್ತಾನೆ. ಮೂರು ದಿನಕ್ಕೊಂದು ಸಲ ಚಾರ್ಜಿಗೆ ಹಾಕಿದರೆ ಆಯ್ತು. ಬುಕ್ ಮಾಡುವ ಮುಂಚೆ ಮಗಳನ್ನು ಕರೆದುಕೊಂಡು ಹೋಗಿ, ಟೆಸ್ಟ್ ಡ್ರೈವಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿ. ಅರ್ಥಿಂಗ್ ನೋಡಿಸುವುದು ಮಾತ್ರ ಈ ವಾರವೇ ಮಾಡಿ.