ನೆಲದ ಮೇಲೆ ಆಯಿಲ್ ಹನಿ, ಮೀಟರ್‌ನಲ್ಲಿ ಮಾತ್ರ ಕೆಂಪು ದೀಪ ಇಲ್ಲ

ಮಲ್ಲಿಗೆಹಂಬು, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನದು 1 ಲೀಟರ್ ಟರ್ಬೊ ಪೆಟ್ರೋಲ್ ಗಾಡಿ. 2020ರ ಕೊನೆಯಲ್ಲಿ ತೆಗೆದುಕೊಂಡದ್ದು, 62,000 ಕಿ.ಮೀ. ಓಡಿದೆ. ಹದಿನೈದು ದಿನದಿಂದ ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ನನ್ನ ಗಾಡಿ ನಿಲ್ಲುವ ಜಾಗದಲ್ಲಿ ದಿನಾ ಒಂದು ಕಪ್ಪು ಕಲೆ, ಹತ್ತು ರೂಪಾಯಿ ನಾಣ್ಯದಷ್ಟು. ಎಸಿ ನೀರು ಇರಬೇಕು ಅಂತ ಸುಮ್ಮನಿದ್ದೆ. ಮೊನ್ನೆ ವಾಚ್‌ಮನ್ ಬಂದು "ಮೇಡಂ, ಸೋಪಿನ ಪುಡಿ ಹಾಕಿ ಉಜ್ಜಿದರೂ ಇದು ಹೋಗಲ್ಲ, ಸೆಕ್ರೆಟರಿ ನನ್ನನ್ನು ಬೈತಾರೆ" ಅಂದ. ಆಮೇಲೆ ಬಗ್ಗಿ ಬೆರಳಿಟ್ಟು ನೋಡಿದೆ. ನೀರಲ್ಲ, ಜಿಡ್ಡು.

ಸರ್ವಿಸ್ ಸೆಂಟರಿಗೆ ಹೋದರೆ ಬಾನೆಟ್ ಕೂಡ ಎತ್ತದೆ "ಸ್ವಲ್ಪ ಬೆವರೋದು ಮಾಮೂಲಿ, ಮುಂದಿನ ಸರ್ವಿಸ್‌ಗೆ ನೋಡೋಣ" ಅಂದರು. ಸರ್ವಿಸ್ ಆಗಿ ನಾಲ್ಕು ತಿಂಗಳಾಯಿತು, ಅಲ್ಲಿಂದ ಸುಮಾರು 4,500 ಕಿ.ಮೀ. ಓಡಿಸಿದ್ದೇನೆ. ಮೀಟರ್‌ನಲ್ಲಿ ಯಾವ ದೀಪವೂ ಇಲ್ಲ, ಇನ್ನೂ 5,500 ಕಿ.ಮೀ. ಬಿಟ್ಟು ಸರ್ವಿಸ್ ಅಂತ ತೋರಿಸುತ್ತಿದೆ.

ಈಗ ನನ್ನ ಪ್ರಶ್ನೆ. ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಇಟ್ಟರೂ ಬೆಲ್ಟ್ ಹಾಕು ಅಂತ ಬಡಿದುಕೊಳ್ಳುವ ಗಾಡಿ ಇದು. ಟೈರ್ ಗಾಳಿ ಎರಡು ಪಾಯಿಂಟ್ ಇಳಿದರೂ ಹೇಳುತ್ತದೆ. ಆಯಿಲ್ ಕಮ್ಮಿ ಆದರೆ ಹೇಳೋದಿಲ್ವಾ? ಮುಂದಿನ ವಾರ ಮದುವೆಗೆ ಮಡಿಕೇರಿ, ಸಂಪಾಜೆ ದಾರಿಯಲ್ಲಿ ಮಂಗಳೂರಿಗೆ ಹೋಗಬೇಕು, ಅಮ್ಮನೂ ಜೊತೆಗೆ ಇರುತ್ತಾರೆ. ದೀಪ ಇಲ್ಲ ಅಂದರೆ ಧೈರ್ಯವಾಗಿ ಹೋಗಬಹುದಾ?

ಗ್ರೀಸ್‌ಕೈ, ಶಿವಮೊಗ್ಗ

ಮೇಡಂ, ಹೋಗಬೇಡಿ. ಅಂದರೆ ಮದುವೆಗೆ ಹೋಗಿ, ಎಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಅಂತ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ನೋಡದೆ ಹೋಗಬೇಡಿ.

ನಮ್ಮ ಗ್ಯಾರೇಜಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಇದನ್ನೇ ಕೇಳುತ್ತಾರೆ. ಮೀಟರ್‌ನಲ್ಲಿರುವ ಕೆಂಪು ಆಯಿಲ್ ಕ್ಯಾನ್ ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಕ್ಕೆ ಇಟ್ಟದ್ದಲ್ಲ. ಅದು ಒತ್ತಡದ ದೀಪ. ಪಂಪ್ ಚೇಂಬರಿನಿಂದ, ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಿಂದ, ಆಯಿಲ್ ಎಳೆದು ಮೇಲಕ್ಕೆ ತಳ್ಳುತ್ತದೆ, ಆ ದಾರಿಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಒತ್ತಡ ಬಿದ್ದುಹೋದಾಗ, ಸಾಮಾನ್ಯವಾಗಿ ಅರ್ಧ ಬಾರ್ ಹತ್ತಿರಕ್ಕೆ ಬಂದಾಗ, ಆ ಸ್ವಿಚ್ ದೀಪ ಹಚ್ಚುತ್ತದೆ. ಚೇಂಬರಿನಲ್ಲಿ ಒಂದು ಲೀಟರ್ ಕಮ್ಮಿ ಇದ್ದರೂ ಪಂಪಿನ ಬಾಯಿ ಮುಳುಗಿರುವಷ್ಟು ಆಯಿಲ್ ಇದ್ದರೆ ಸಾಕು, ಒತ್ತಡ ಸರಿಯಾಗೇ ಇರುತ್ತದೆ, ದೀಪ ತಣ್ಣಗೆ ಮಲಗಿರುತ್ತದೆ. ದೀಪ ಹತ್ತಿತು ಅಂದರೆ ಪಂಪ್ ಆಗಲೇ ಗಾಳಿ ಕುಡಿಯುತ್ತಿದೆ ಅಂತ ಅರ್ಥ. ನಿಮ್ಮದಕ್ಕೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಬೇರೆ ಇದೆ. ಅದರ ಶಾಫ್ಟು ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಆಯಿಲಿನ ತೆಳು ಪದರದ ಮೇಲೇ ತೇಲಿಕೊಂಡು. ಆ ಪದರ ಒಂದು ಗಳಿಗೆ ಇಲ್ಲದಿದ್ದರೂ ಬೇರಿಂಗ್ ಕಥೆ ಮುಗಿಯಿತು.

ಸರ್ವಿಸ್‌ಗೆ ಇಷ್ಟು ಕಿ.ಮೀ. ಬಾಕಿ ಅಂತ ತೋರಿಸುತ್ತದಲ್ಲ, ಅದು ಬರೀ ಲೆಕ್ಕ. ಕಿ.ಮೀ. ಮತ್ತು ದಿನ ಎಣಿಸುತ್ತದೆ, ಕೆಲವು ಗಾಡಿಗಳಲ್ಲಿ ನೀವು ಓಡಿಸುವ ರೀತಿಯನ್ನೂ ಸೇರಿಸಿಕೊಳ್ಳುತ್ತದೆ. ಚೇಂಬರಿನಲ್ಲಿ ಆಯಿಲ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತೇ ಇಲ್ಲ. ಅಳತೆ ನೋಡುವ ಸೆನ್ಸರ್ ಬೇರೆಯೇ ಇರುತ್ತದೆ, ನಮ್ಮಲ್ಲಿ ಓಡುವ ಬಹಳಷ್ಟು ಸಣ್ಣ ಗಾಡಿಗಳಿಗೆ ಅದನ್ನು ಕೊಟ್ಟಿರುವುದಿಲ್ಲ.

ನೀವು ಸಂಪಾಜೆ ಘಾಟಿ ಇಳಿಯುವವರು, ಅದಕ್ಕೆ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಒಬ್ಬರು ಆಗುಂಬೆ ಇಳಿಯುವಾಗ ಪ್ರತಿ ಹೇರ್‌ಪಿನ್ ತಿರುವಿನಲ್ಲೂ ಕೆಂಪು ದೀಪ ಪಿಳಿಪಿಳಿ ಅಂದು ಆರುತ್ತಿತ್ತು ಅಂತ ಫೋನ್ ಮಾಡಿದರು. ನೇರ ರಸ್ತೆಗೆ ಬಂದರೆ ಏನೂ ಇಲ್ಲ. ಲೂಸ್ ವೈರ್ ಇರಬೇಕು ಅಂತ ಅವರ ಅಂದಾಜು. ವೈರ್ ಏನೂ ಅಲ್ಲ, ಇಳಿಜಾರಿನಲ್ಲಿ ಬ್ರೇಕ್ ಒತ್ತಿ ತಿರುಗಿಸಿದಾಗ ಉಳಿದಿದ್ದ ಅಷ್ಟಿಷ್ಟು ಆಯಿಲ್ ಒಂದು ಮೂಲೆಗೆ ಹೋಗಿ ಪಂಪಿನ ಬಾಯಿ ಖಾಲಿ ಆಗುತ್ತಿತ್ತು. ಅಲ್ಲೇ ನಿಲ್ಲಿಸಿ ಅಂದೆ. ಪುಣ್ಯಕ್ಕೆ ಮಾತು ಕೇಳಿದರು. ಕಡ್ಡಿ ಎಳೆದರೆ ಒಣಗಿದ ಕಡ್ಡಿ.

ಕಡ್ಡಿ ನೋಡುವ ಕ್ರಮ: ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ನೋಡಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಗಾಡಿ ಓಡಿಸಿ ಬಂದ ಮೇಲೆ ಆಫ್ ಮಾಡಿ ಐದತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಚೇಂಬರಿಗೆ ಇಳಿಯಲಿ. ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಎರಡನೇ ಸಲದ್ದೇ ಲೆಕ್ಕ. ಎರಡೂ ಮುಖ ನೋಡಿ, ಯಾವುದು ಕಮ್ಮಿ ತೋರಿಸುತ್ತದೋ ಅದನ್ನು ನಂಬಿ. ಎರಡು ಗುರುತುಗಳ ಮಧ್ಯೆ ಬಹಳ ಗಾಡಿಗಳಲ್ಲಿ ಹೆಚ್ಚುಕಮ್ಮಿ ಒಂದು ಲೀಟರ್ ಅಂತರ ಇರುತ್ತದೆ. ಮ್ಯಾನುಯಲ್‌ನಲ್ಲಿ ಬರೆದ ಗ್ರೇಡಿನದ್ದೇ ಆಯಿಲ್ ತನ್ನಿ, ಒಂದೊಂದು ಸಲಕ್ಕೆ 200 ಮಿ.ಲೀ. ಹಾಕಿ, ಸ್ವಲ್ಪ ಬಿಟ್ಟು ಮತ್ತೆ ನೋಡಿ. ಮೇಲಿನ ಗುರುತು ದಾಟಿಸಬೇಡಿ.

ಹುಬ್ಬಳ್ಳಿಡೀಸೆಲ್

ಗ್ರೀಸ್‌ಕೈ ಅಣ್ಣ ಹೇಳಿದ್ದು ಪೆಟ್ರೋಲ್ ಕಥೆ. ನಮ್ಮದು ಉಲ್ಟಾ ನೋಡ್ರಿ. ಬಿಎಸ್6 ಡೀಸೆಲ್, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಗಾಡಿ. ಮನೆಯಿಂದ ಅಂಗಡಿ 3 ಕಿ.ಮೀ., ಅಂಗಡಿಯಿಂದ ಮನೆ 3 ಕಿ.ಮೀ., ದಿನಾ ಅಷ್ಟೇ ಓಡಾಟ. ಆರು ತಿಂಗಳು ಬಿಟ್ಟು ಕಡ್ಡಿ ಎಳೆದರೆ ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳು ಜಾಸ್ತಿ! ಆಯಿಲ್ ಕುಡಿಯದ ಎಂಜಿನ್ ಸಿಕ್ಕಿತು ಅಂತ ಖುಷಿಪಟ್ಟೆ. ಮೂಸಿ ನೋಡಿದರೆ ಡೀಸೆಲ್ ವಾಸನೆ.

ಆಮೇಲೆ ತಿಳಿಯಿತು. ಡಿಪಿಎಫ್‌ನಲ್ಲಿ ಕೂತ ಮಸಿಯನ್ನು ಸುಡುವುದಕ್ಕೆ ಎಂಜಿನ್ ಆಗಾಗ ಜಾಸ್ತಿ ಡೀಸೆಲ್ ಚಿಮ್ಮಿಸುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡಿದು ಚೇಂಬರಿಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ನಾನು ಅರ್ಧಕ್ಕೇ ಆಫ್ ಮಾಡುವುದು, ಅದು ಮತ್ತೆ ಶುರು ಮಾಡುವುದು, ಹೀಗೇ ನಡೆದಿತ್ತು. ಆಯಿಲ್ ತೆಳ್ಳಗಾಗುತ್ತದೆ, ಅದು ಒಂದು. ತೀರಾ ಏರಿದರೆ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನಿಂದ ಎಂಜಿನ್ ಅದನ್ನೇ ಎಳೆದುಕೊಂಡು ಸುಡಬಹುದು, ಅದು ಇನ್ನೂ ಅಪಾಯ. ಆಯಿಲ್ ಪೂರ್ತಿ ಬದಲಾಯಿಸಿದೆ. ಈಗ ಭಾನುವಾರ ಭಾನುವಾರ ಧಾರವಾಡದ ತನಕ ಬೈಪಾಸಿನಲ್ಲಿ ಹೋಗಿ ಬರುತ್ತೇನೆ. ಪೇಡೆಗೆ ಹೋಗುವುದು ಅಂತ ಮನೆಯಲ್ಲಿ ಅಂದುಕೊಂಡಿದ್ದಾರೆ, ಅದೂ ಸುಳ್ಳಲ್ಲ.

ಅದಕ್ಕೇ ಮೇಡಂ, ಕಡ್ಡಿ ತೆಗೆದಾಗ ಅಳತೆ ಒಂದನ್ನೇ ನೋಡಬೇಡಿ, ಮೂಸಿಯೂ ನೋಡಿ.

ಕಡ್ಡಿಇಲ್ಲದವ, ಮ್ಯೂನಿಕ್

ನಿಮಗಾದರೂ ಎಳೆಯುವುದಕ್ಕೆ ಕಡ್ಡಿ ಇದೆ. ಬಿಎಂಡಬ್ಲ್ಯೂ, ಆಡಿಯ ಎಷ್ಟೋ ಎಂಜಿನ್‌ಗಳಲ್ಲಿ ಅದನ್ನು ತೆಗೆದೇ ಬಿಟ್ಟಿದ್ದಾರೆ. ನನ್ನದೂ ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಗಾಡಿ. ಬಾನೆಟ್ ಎತ್ತಿ ಹತ್ತು ನಿಮಿಷ ಹುಡುಕಿದ್ದೆ, ಪಕ್ಕದ ಮನೆ ಅಜ್ಜ ಬಂದು ನಕ್ಕು ಹೋದರು. ಚೇಂಬರಿನ ತಳದಲ್ಲಿ ಸೆನ್ಸರ್ ಇರುತ್ತದೆ. ಹಳೆಯವು ತಮ್ಮನ್ನೇ ಸ್ವಲ್ಪ ಬಿಸಿ ಮಾಡಿಕೊಂಡು ಎಷ್ಟು ಬೇಗ ತಣಿಯುತ್ತದೆ ಅನ್ನುವುದರ ಮೇಲೆ ಲೆಕ್ಕ ಹಾಕುತ್ತಿದ್ದವು, ಹೊಸವು ಶಬ್ದದ ಅಲೆ ಬಿಟ್ಟು ಅದು ವಾಪಸ್ ಬರುವ ಹೊತ್ತಿನಿಂದ ಆಳ ಅಳೆಯುತ್ತವೆ. ಅನುಕೂಲ ನಿಜ. ಒಂದು ಸಲ ಆಟೊಬಾನ್‌ನಲ್ಲಿ ಹೋಗುವಾಗ 1 ಲೀಟರ್ ಹಾಕಿ ಅಂತ ಸ್ಕ್ರೀನ್ ಮೇಲೆ ಬಂತು, ಕೆಂಪು ದೀಪ ಹತ್ತುವುದಕ್ಕೆ ಎಷ್ಟೋ ಮುಂಚೆ. ಹೆದ್ದಾರಿ ಬಂಕಿನಲ್ಲಿ ಆ ಒಂದು ಲೀಟರಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂದಿನಿಂದ ಡಿಕ್ಕಿಯಲ್ಲಿ ಒಂದು ಡಬ್ಬ ಇದ್ದೇ ಇರುತ್ತದೆ.

ತೊಂದರೆ ಏನೆಂದರೆ ಅದು ಕೇಳಿದ ತಕ್ಷಣ ಹೇಳುವುದಿಲ್ಲ. ಎಂಜಿನ್ ಬಿಸಿ ಆಗಿರಬೇಕು, ಗಾಡಿ ಸಮತಟ್ಟಾಗಿ ನಿಂತಿರಬೇಕು. ಹೊಸದಾಗಿ ಅಳೆಸುವ ತನಕ ನನ್ನ ಗಾಡಿಯಲ್ಲಿ ಹಳೆಯ ಅಳತೆಯೇ ಕೂತಿರುತ್ತದೆ. ಆಯಿಲ್ ಬದಲಾಯಿಸಿದ ಮೆಕ್ಯಾನಿಕ್ ಕಮ್ಮಿ ಹಾಕಿದನೋ ಜಾಸ್ತಿ ಹಾಕಿದನೋ ಅಲ್ಲೇ ನಿಂತು ನೋಡುವ ಹಾಗಿಲ್ಲ.

ಇನ್ನೊಂದು ಮಾತು. ಟರ್ಬೊ ಪೆಟ್ರೋಲ್ ಎಂಜಿನ್ ಲೀಕ್ ಇಲ್ಲದೆಯೂ ಸ್ವಲ್ಪ ಆಯಿಲ್ ಕುಡಿಯುತ್ತದೆ. 1,000 ಕಿ.ಮೀ.ಗೆ ಅರ್ಧ ಲೀಟರ್ ತನಕ ಸಹಜ ಅಂತ ಬರೆದ ಮ್ಯಾನುಯಲ್‌ಗಳೂ ಇವೆ. ಅದನ್ನೇ ನಂಬಿ 10,000 ಕಿ.ಮೀ. ಕಡ್ಡಿ ಮುಟ್ಟದಿದ್ದರೆ ಲೆಕ್ಕ ನೀವೇ ಹಾಕಿ, 5 ಲೀಟರ್. ನಿಮ್ಮ ಎಂಜಿನ್ ಅಷ್ಟು ಹಿಡಿಯುವುದೇ ಇಲ್ಲ.

ಸೀದಾಮಾತು, ದಾವಣಗೆರೆ

ಇಷ್ಟೆಲ್ಲಾ ಯಾಕೆ? ಲೀಕ್ ನಿಲ್ಲಿಸುವ ಕೆಮಿಕಲ್ ಬಾಟಲಿ ಸಿಗುತ್ತದೆ, ಆಯಿಲ್ ಜೊತೆ ಹಾಕಿ. ಇಲ್ಲ ಅಂದರೆ ದಪ್ಪ ಆಯಿಲ್ 20ಡಬ್ಲ್ಯೂ-50 ಹಾಕಿ ನೋಡಿ. ನಮ್ಮ ಅಪ್ಪನ ಗಾಡಿಗೆ ಹಾಗೇ ಮಾಡಿದ್ದು, ಹತ್ತು ವರ್ಷ ಓಡಿತು.

ಗ್ರೀಸ್‌ಕೈ, ಶಿವಮೊಗ್ಗ

ಅಪ್ಪನ ಗಾಡಿ ಓಡಿತು ಒಪ್ಪಿದೆ ಗುರುಗಳೇ. ಆ ಎಂಜಿನ್ನಿನ ಸಂದುಗಳು ಬೇರೆ, ಇದರದ್ದು ಬೇರೆ. ತೆಳು ಆಯಿಲ್ 0ಡಬ್ಲ್ಯೂ-20ಕ್ಕೆ ಅಂತ ಮಾಡಿದ ಎಂಜಿನ್‌ಗೆ 20ಡಬ್ಲ್ಯೂ-50 ಸುರಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊಗೆ ಆಯಿಲ್ ಮುಟ್ಟುವುದು ತಡ ಆಗುತ್ತದೆ. ಬಾಟಲಿ ಕೆಮಿಕಲ್ ರಬ್ಬರ್ ಸೀಲುಗಳನ್ನು ಉಬ್ಬಿಸುತ್ತದೆ, ಅಷ್ಟೇ. ಸವೆದ ಸೀಲಿಗೆ ನಾಲ್ಕು ದಿನ ಜೀವ ಬರಬಹುದು, ಸರಿ ಇರುವ ಸೀಲೂ ಮೆತ್ತಗಾಗಬಹುದು. ಎಲ್ಲಿಂದ ಸೋರುತ್ತಿದೆ ಅಂತ ನೋಡದೆ ಔಷಧಿ ಯಾಕೆ?

ಮೇಡಂ, ಗಾಡಿ ಅಡಿ ಒಂದು ರಟ್ಟು ಹಾಸಿ. ಹನಿ ಎಲ್ಲಿ ಬೀಳುತ್ತದೆ ಅಂತ ಪೆನ್ನಿನಲ್ಲಿ ಗುರುತು ಹಾಕಿ. ಆದರೆ ಈಗಿನ ಗಾಡಿಗಳಿಗೆ ಎಂಜಿನ್ ಕೆಳಗೆ ಪ್ಲಾಸ್ಟಿಕ್ ಕವರ್ ಇರುತ್ತದೆ. ಆಯಿಲ್ ಮೊದಲು ಅದರಲ್ಲಿ ನಿಲ್ಲುತ್ತದೆ, ತುಂಬಿದ ಮೇಲೆ ಯಾವುದೋ ತೂತಿನಿಂದ ನೆಲಕ್ಕೆ ಬೀಳುತ್ತದೆ. ನೆಲದ ಮೇಲೆ ಒಂದು ಹನಿ ಕಂಡರೆ ಮೇಲೆ ಎಷ್ಟಿದೆಯೋ ದೇವರಿಗೇ ಗೊತ್ತು. ಅದೂ ಅಲ್ಲದೆ ಒತ್ತಡ ಇರುವುದು ಎಂಜಿನ್ ಓಡುವಾಗ. ನಿಂತಾಗ ಒಂದು ಹನಿ ಬೀಳುವ ಜಾಗ ಓಡುವಾಗ ಚಿಮ್ಮುತ್ತಿರಬಹುದು.

ಆ ಕವರ್ ಬಿಚ್ಚಿಸಿ, ತೊಳೆಸಿ ಒಣಗಿಸಿ, ಅನುಮಾನ ಇರುವ ಕಡೆ ಟಾಲ್ಕಂ ಪೌಡರ್ ಉದುರಿಸಿ ಒಂದು ಸುತ್ತು ಹೊಡೆದು ಬನ್ನಿ. ಒದ್ದೆ ಗೆರೆ ಎದ್ದು ಕಾಣುತ್ತದೆ. ನೋಡಬೇಕಾದ್ದು ಒದ್ದೆಯ ಮೇಲಿನ ತುದಿ. ಆಯಿಲ್ ಕೆಳಗೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೂ ಹರಡುತ್ತದೆ, ಹಾಗಾಗಿ ಚೇಂಬರ್ ಒದ್ದೆ ಇದ್ದರೆ ಚೇಂಬರಿನದ್ದೇ ತಪ್ಪು ಅಂತ ಹೇಳೋಕಾಗಲ್ಲ. ಸಾಮಾನ್ಯವಾಗಿ ಸಿಗುವ ಕಳ್ಳರು ಎಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್, ಹಳೇ ವಾಷರ್‌ನಲ್ಲೇ ಮತ್ತೆ ಬಿಗಿದ ಡ್ರೈನ್ ನಟ್, ಆಯಿಲ್ ಫಿಲ್ಟರ್. ಫಿಲ್ಟರ್‌ದ್ದು ಒಂದು ತಮಾಷೆ ಇದೆ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಹುಡುಗ ನೋಡದೆ ಅದರ ಮೇಲೆ ಹೊಸದು ತಿರುಗಿಸುತ್ತಾನೆ, ರಿಂಗ್ ಮೇಲೆ ರಿಂಗ್. ನಮ್ಮ ಗ್ಯಾರೇಜಿನಲ್ಲೂ ಒಂದು ಸಲ ಆಗಿದೆ, ಮುಚ್ಚಿಡುವುದೇನು. ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಆಗಿದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸಬೇಕು, ಖರ್ಚು ಜಾಸ್ತಿ. ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯಾ ಅಂತಲೂ ನೋಡಿಸಿ. ಅದು ಕಟ್ಟಿದರೆ ಒಳಗಿನ ಗಾಳಿಗೆ ದಾರಿ ಇಲ್ಲದೆ ಒಳ್ಳೆಯ ಸೀಲಿನಿಂದಲೂ ಆಯಿಲ್ ಹೊರಗೆ ಬರುತ್ತದೆ.

ಮಲ್ಲಿಗೆಹಂಬು, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳದೆ ಇರಬಾರದು ಅಂತ ಬರೆಯುತ್ತಿದ್ದೇನೆ.

ಅವತ್ತು ಸಂಜೆಯೇ ಗಾಡಿಯನ್ನು ಗೇಟ್ ಹತ್ತಿರ ಸಮ ಜಾಗದಲ್ಲಿ ನಿಲ್ಲಿಸಿ ಕಡ್ಡಿ ಎಳೆದೆ. ಐದು ವರ್ಷದಲ್ಲಿ ಮೊದಲ ಸಲ. ಹಳದಿ ಹಿಡಿ ಬಿಸಿಗೆ ಗಟ್ಟಿಯಾಗಿ ಕೂತಿತ್ತು. ಮೊದಲ ಸಲ ಮೇಲಿನವರೆಗೂ ಮೆತ್ತಿಕೊಂಡಿದ್ದು ನೋಡಿ, ಅಬ್ಬಾ ಇದೆಯಲ್ಲ ಅಂದುಕೊಂಡೆ. ಹಳೇ ಪಂಚೆ ತುಂಡಿನಲ್ಲಿ ಒರೆಸಿ ಮತ್ತೆ ಹಾಕಿ ಎಳೆದರೆ ತುದಿಯಲ್ಲಿ ಒಂದೇ ಹನಿ, ಕೆಳಗಿನ ಗುರುತಿಗೂ ಮುಟ್ಟಿಲ್ಲ. ಆಯಿಲ್ ತಂದು 200, 200 ಅಂತ ಹಾಕುತ್ತಾ ಹೋದೆ. ಮಧ್ಯದ ತನಕ ಬರುವಷ್ಟರಲ್ಲಿ 800 ಮಿ.ಲೀ. ಖಾಲಿ. ದೀಪ ಮಾತ್ರ ಒಂದು ದಿನವೂ ಹತ್ತಿರಲಿಲ್ಲ!

ಮಾರನೇ ದಿನ ನಮ್ಮ ಏರಿಯಾದ ಗ್ಯಾರೇಜಿನಲ್ಲಿ ಕವರ್ ಬಿಚ್ಚಿಸಿದೆ. ಒಂದು ದೊಡ್ಡ ಲೋಟದಷ್ಟು ಕಪ್ಪು ಆಯಿಲ್ ಅದರಲ್ಲೇ ನಿಂತಿತ್ತು. ತೊಳೆದು, ಪೌಡರ್ ಹಾಕಿ, ಎಂಜಿನ್ ಓಡಿಸಿ ನೋಡಿದರು. ಗೆರೆ ಶುರುವಾಗಿದ್ದು ಎಲ್ಲಿ ಗೊತ್ತಾ? ಆಯಿಲ್ ಪ್ರೆಶರ್ ಸ್ವಿಚ್. ದೀಪ ಹಚ್ಚಬೇಕಾದ ಅದೇ ಸ್ವಿಚ್! ವೈರ್ ಸಾಕೆಟ್ ಎಳೆದರೆ ಅದರೊಳಗಿಂದಲೂ ಆಯಿಲ್ ಇಳಿಯಿತು. ಹೊಸ ಸ್ವಿಚ್, ಕೂಲಿ ಎಲ್ಲಾ ಸೇರಿ 1,400 ರೂಪಾಯಿ. ಮನೆಯವರು ಎಂಜಿನ್ನೇ ಇಳಿಸಬೇಕೇನೋ ಅಂತ ಎಫ್‌ಡಿ ಮುರಿಯುವ ಮಾತಾಡುತ್ತಿದ್ದರು.

ಮಂಗಳೂರಿಗೆ ಹೋಗಿ ಬಂದಾಯಿತು. ಮಡಿಕೇರಿಯಲ್ಲಿ ತಿಂಡಿಗೆ ನಿಂತಾಗ ಒಮ್ಮೆ, ಸಂಪಾಜೆ ಇಳಿದ ಮೇಲೆ ಒಮ್ಮೆ ಕಡ್ಡಿ ನೋಡಿದೆ. "ಮದುವೆಗೆ ಬಂದಿದ್ದೀಯೋ ಗಾಡಿ ರಿಪೇರಿಗೋ" ಅಂತ ಅಮ್ಮ ಬೈದರು. ಮೂರು ವಾರದಿಂದ ರಟ್ಟು ಒಣಗೇ ಇದೆ.

ಹಳೇ ಕಲೆ ಮಾತ್ರ ನೆಲದ ಮೇಲೆ ಹಾಗೇ ಇದೆ. ಅದಕ್ಕೇನಾದರೂ ಉಪಾಯ ಇದೆಯಾ?

ಗ್ರೀಸ್‌ಕೈ, ಶಿವಮೊಗ್ಗ

ಒಣ ಸಿಮೆಂಟ್ ಪುಡಿ ಅಥವಾ ಮರದ ಹೊಟ್ಟು ಉದುರಿಸಿ ಒಂದು ರಾತ್ರಿ ಬಿಡಿ ಮೇಡಂ, ಜಿಡ್ಡು ಹೀರಿಕೊಳ್ಳುತ್ತದೆ, ಬೆಳಿಗ್ಗೆ ಗುಡಿಸಿ. ಎರಡು ಮೂರು ಸಲ ಮಾಡಬೇಕಾಗಬಹುದು. ಸಿಮೆಂಟ್ ಹಾಕಿದರೆ ವಾಚ್‌ಮನ್‌ಗೆ ಮೊದಲೇ ಹೇಳಿಡಿ. ಆತ ಅಭ್ಯಾಸಬಲದಿಂದ ನೀರು ಹಾಕಿ ಉಜ್ಜಿದರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ.