ಸಹಾಯ ಬೇಕು: ತೇಲೋ ಚಿತ್ರದ ಪೆನ್ನು ಹೆಂಗ ಕಾಯ್ಕೊಳ್ಳೋದು?

ನಮಸ್ಕಾರ್ರಿ ಎಲ್ಲಾರಿಗೂ. ನಾ ಧಾರವಾಡದಾಕಿ. ಊರೂರಿನ ನೆನಪಿನ ಪೆನ್ನು ಕೂಡಿಸಾಕ ಈಗರ ಶುರು ಮಾಡೇನಿ, ಇರೋವು ಬರೇ ಒಂಬತ್ತು. ಚನ್ನಪಟ್ಟಣದ ಅರಗಿನ ಬಣ್ಣದ ಕಟ್ಟಿಗಿ ಪೆನ್ನು, ಮೈಸೂರಿನ ಗಂಧದ್ದು, ಉಳಿದವು ಜಾತ್ರ್ಯಾಗಿನ ಪ್ಲಾಸ್ಟಿಕ್.

ಎಲ್ಲಾಕಿಂತ ಜೀವ ಅಂದ್ರ ಕಾಕಾ ಕೊಟ್ಟದ್ದು. ಹೊಳ್ಳಿಸಿದ್ರ ಎಣ್ಣ್ಯಾಗ ಸಣ್ಣ ಹಡಗ ತೇಲ್ಕೋತ ಹೋಗತೈತಿ. ಇಂಥಾವಕ್ಕ ಡೆನ್ಮಾರ್ಕಿನ ಎಸ್ಕೆಸೆನ್ ಹೆಸರಾದ ಕಂಪನಿ; ನಂದರ ಮ್ಯಾಲೆ ಯಾವ ಹೆಸರೂ ಇಲ್ಲ. ಈಗ ಅದರಾಗಿನ ಗುಳ್ಳಿ ದೊಡ್ಡದಾಗೇತಿ, ಎಣ್ಣಿ ಸೋರಾಕ ಹತ್ತೇತೋ ಏನೋ. ಮತ್ತ ತುಂಬಿಸಾಕ ಬರತೈತೇನ್ರಿ? ನಿಂದರಿಸಿ ಇಡಬೇಕೋ, ಮಲಗಿಸಿ ಇಡಬೇಕೋ?

ಹುಬ್ಬಳ್ಳಿ ದುರ್ಗದ ಬೈಲ, ಧಾರವಾಡ ಸುಭಾಸ ರೋಡ ಕಡೆ ಹಳೇ ಸ್ಟಾಕ್ ಇಟ್ಟ ಸ್ಟೇಷನರಿ ಅಂಗಡಿ ಗೊತ್ತಿದ್ರ ಹೇಳ್ರಿ. ಡಬಲ್ ಇದ್ದವರು ಅದಲಿ ಬದಲಿಗೂ ಬರ್ರಿ. ದುಬಾರಿ ಫೌಂಟೇನ್ ಪೆನ್ನು ಮಾತ್ರ ಬ್ಯಾಡ, ಮನ್ಯಾಗ ಬೈತಾರ.